ಪಿಕಪ್ ಎತ್ತರಿಸುವ ಮೊದಲು ಒಂದು ಸಲ ತೂಕ ಮಾಡಿಸಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟಿದೆ. ಅರೇಬಿಕಾ ಕಾಫಿ ಹಣ್ಣು ಅಲ್ಲಲ್ಲಿ ಕೆಂಪಾಗುತ್ತಿದೆ. ಈ ಹೊತ್ತಿಗೆ ನಮ್ಮ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರದ ಕಡೆ ಗ್ಯಾರೇಜುಗಳ ಮುಂದೆ ಪಿಕಪ್‌ಗಳು ಸಾಲುಗಟ್ಟುತ್ತವೆ. ಕೊಯ್ಲು ಶುರುವಾಗುವ ಮೊದಲು ಗಾಡಿ ರೆಡಿ ಇರಬೇಕಲ್ವಾ? ಆಯಿಲ್ ಬದಲಾಯಿಸಿ, ಬ್ರೇಕ್ ನೋಡಿ ಅನ್ನುವುದರ ಜೊತೆಗೆ ಈಗ ಎಲ್ಲರ ಬಾಯಲ್ಲೂ ಇನ್ನೊಂದು ಮಾತಿದೆ: "ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿ, ಸ್ವಲ್ಪ ಎತ್ತರ ಮಾಡಿಕೊಡಿ." ಪ್ಲೇಟ್ ಅಂದರೆ ಒಂದರ ಮೇಲೊಂದು ಜೋಡಿಸಿ ಭಾರ ಹೊರುವ ಸ್ಪ್ರಿಂಗಿನ ಉಕ್ಕಿನ ಪಟ್ಟಿ. ಮೂರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ. ಅದರಿಂದ ಏನಾಯಿತು ಅಂತ ಈ ಸೀಸನ್ನಿಗೆ ಮೊದಲೇ ತಿಳಿಸಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನಗೆ ಒಂಬತ್ತು ಎಕರೆ ತೋಟ. ಯಜಮಾನರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಗಾಡಿ ನಾನೇ ಓಡಿಸುತ್ತೇನೆ. ನಮ್ಮದು 2014ರ ಡಬಲ್ ಕ್ಯಾಬಿನ್ ಪಿಕಪ್, ನಾಲ್ಕು ಚಕ್ರಕ್ಕೂ ಎಂಜಿನ್ ಎಳೆತ ಇರುವಂಥದ್ದು. ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದೇ ನಿಂತು ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಟಾರು ರಸ್ತೆಯಿಂದ ತೋಟದ ಗೇಟಿಗೆ ನಾಲ್ಕೂವರೆ ಕಿಲೋಮೀಟರ್ ಮಣ್ಣು ರಸ್ತೆ. ನಡುವೆ ಎರಡು ಹಳ್ಳ, ಒಂದು ಕಡಿದಾದ ತಿರುವು. ಆ ತಿರುವಿನಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರಿನ ತೋಟ. ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಮೊಣಕಾಲುದ್ದದ ಕೊರಕಲು ಬಿದ್ದಿರುತ್ತದೆ. ಪೇಟೆಯವರು ರಜೆಯಲ್ಲಿ ಬಂದು 'ಆಫ್ ರೋಡ್' ಅನ್ನುವುದು ನಮಗೆ ದಿನಾ ಹಾಲು ತರಲು ಹೋಗುವ ದಾರಿ.

ಆಗ ಎಂಟು ವರ್ಷ ದುಡಿದಿದ್ದ ಗಾಡಿಯ ಹಿಂಭಾಗ ಕುಸಿದಿತ್ತು. ಹದಿನೈದು ಚೀಲ ಕಾಫಿ ಚೆರ್ರಿ ಹಾಕಿದರೆ ಹಳ್ಳ ದಾಟುವಾಗ ಚಾಸಿಸ್ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಬಂದು ರಬ್ಬರ್ ತಡೆಗೆ ಹೊಡೆಯುತ್ತಿತ್ತು. ಗ್ಯಾರೇಜಿನ ಹುಡುಗ ಧೈರ್ಯ ಕೊಟ್ಟ. "ಅಕ್ಕಾ, ಎರಡು ದಪ್ಪ ಪ್ಲೇಟ್ ಸೇರಿಸಿ ಆಕ್ಸಲ್ ಮೇಲೆ ಎರಡಿಂಚಿನ ಬ್ಲಾಕ್ ಇಡ್ತೀನಿ. ಬಂಡೆ ಥರ ನಿಲ್ಲುತ್ತೆ." ಆಕ್ಸಲ್ ಅಂದರೆ ಎರಡು ಚಕ್ರ ಜೋಡಿಸುವ ಅಡ್ಡ ದಂಡ, ಬ್ಲಾಕ್ ಅಂದರೆ ಅದಕ್ಕೂ ಪ್ಲೇಟಿಗೂ ನಡುವೆ ಇಡುವ ಲೋಹದ ತುಂಡು. ಒಂದೇ ದಿನದ ಕೆಲಸ. ಗಾಡಿ ನೋಡಲು ಚೆನ್ನಾಗಿತ್ತು. ಹುಲಿ ಬೆನ್ನು ಎತ್ತಿದ ಹಾಗೆ ಹಿಂಭಾಗ ಎದ್ದು ನಿಂತಿತ್ತು.

ಮೊದಲ ತೊಂದರೆ ಖಾಲಿ ಗಾಡಿಯಲ್ಲೇ ಕಾಣಿಸಿತು. ಮೊದಲು ಮೆಲ್ಲಗೆ ದಾಟುತ್ತಿದ್ದ ಆ ಅಡ್ಡ ಕೊರಕಲಿನಲ್ಲಿ ಗಾಡಿ ನಿಂತುಬಿಟ್ಟಿತು. ಹಿಂದಿನ ಎಡ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತಿತ್ತು, ಬಲ ಚಕ್ರ ಅಲ್ಲಾಡಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಒಂದು ಚಕ್ರ ಮೇಲೆದ್ದು ಇನ್ನೊಂದು ಗುಂಡಿಗೆ ಇಳಿಯುವಾಗ ಸ್ಪ್ರಿಂಗ್ ಬಗ್ಗಿ ಎರಡನ್ನೂ ನೆಲಕ್ಕೆ ಒತ್ತಿ ಹಿಡಿಯಬೇಕು. ಗಟ್ಟಿ ಪ್ಲೇಟು ಬಗ್ಗುವುದಿಲ್ಲ. ಹಾಗಾಗಿ ಇಡೀ ಗಾಡಿ ಓರೆಯಾಗಿ ಚಕ್ರ ಮೇಲೇಳುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಎಂಜಿನ್ ಎಳೆತ ಹಂಚುವ ಗೇರುಗಳು) ಇದ್ದರೆ ಆ ಆಕ್ಸಲ್ಲಿಗೆ ಬರುವ ಬಲವೆಲ್ಲ ಗಾಳಿಯಲ್ಲಿರುವ ಚಕ್ರಕ್ಕೇ ಹರಿದು ಹೋಗುತ್ತದೆ. ಎತ್ತರ ಜಾಸ್ತಿಯಾಯಿತು, ಆದರೆ ನೆಲದ ಹಿಡಿತ ಹೋಯಿತು.

ಎತ್ತರದ ವಿಷಯದಲ್ಲೂ ನನಗೊಂದು ತಪ್ಪು ಕಲ್ಪನೆ ಇತ್ತು. ಕಲ್ಲಿಗೆ ಮೊದಲು ತಾಗುವುದು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಉಂಡೆ. ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಆ ಉಂಡೆ ಇದ್ದಲ್ಲೇ ಇರುತ್ತದೆ. ಎತ್ತರವಾಗುವುದು ಅದರ ಮೇಲಿನ ಚಾಸಿಸ್ ಮತ್ತು ಬಾಡಿ ಮಾತ್ರ. ಉಂಡೆ ಮೇಲೇಳಬೇಕಾದರೆ ಟಯರು ದೊಡ್ಡದಾಗಬೇಕು. ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಜನವರಿಯಲ್ಲಿ ನಡೆದದ್ದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಹದಿನಾರು ಚೀಲ ಹೇರಿಕೊಂಡು ಆ ತಿರುವಿನಲ್ಲಿ ಇಳಿಯುತ್ತಿದ್ದೆ. ಕ್ಯಾಬಿನ್ನಿನ ಹಿಂದಿನ ಸೀಟಿನಲ್ಲಿ ನಮ್ಮ ತೋಟದ ಇಬ್ಬರು ಹೆಂಗಸರಿದ್ದರು. ರಾತ್ರಿ ಅಕಾಲದ ಮಳೆ ಬಂದು ಮಣ್ಣು ಜಾರುತ್ತಿತ್ತು. ಮೊದಲನೇ ಗೇರಿನಲ್ಲೇ ಇದ್ದೆ. ಬ್ರೇಕ್ ಒತ್ತಿದ ಕೂಡಲೇ ಮುಂದಿನ ಚಕ್ರಗಳು ಲಾಕ್ ಆದವು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ನೇರ ಹೋಯಿತು. ರಸ್ತೆ ಬಿಟ್ಟು ಎರಡು ಸಾಲು ಗಿಡ ಮುರಿದು ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ಮರವನ್ನು ಹಿಂದಿನ ವರ್ಷ ಕಡಿಸಬೇಕು ಅಂತಿದ್ದೆ.

ಇದರ ಹಿಂದಿನ ಕಾರಣ ಪಿಕಪ್ ಇರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ನನ್ನ ಗಾಡಿಯಂಥ ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವ್ ಇರುತ್ತದೆ. ಅದರಿಂದ ಒಂದು ಸಣ್ಣ ಸರಳು ಆಕ್ಸಲ್‌ಗೆ ಜೋಡಿಸಿರುತ್ತದೆ. ಲೋಡ್ ಬಿದ್ದು ಚಾಸಿಸ್ ಕೆಳಗಿಳಿದರೆ ಸರಳು ತಳ್ಳಲ್ಪಟ್ಟು, ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡು ಅಂತ ವಾಲ್ವಿಗೆ ತಿಳಿಯುತ್ತದೆ. ಗಾಡಿ ಖಾಲಿ ಇದ್ದಾಗ ಚಾಸಿಸ್ ಮೇಲಿರುತ್ತದೆ, ವಾಲ್ವ್ ಒತ್ತಡ ಕಡಿಮೆ ಬಿಡುತ್ತದೆ. ಹಗುರಾದ ಹಿಂದಿನ ಚಕ್ರಗಳು ಲಾಕ್ ಆಗದಿರಲಿ ಅಂತ ಈ ಏರ್ಪಾಡು. ನಾವು ಮಾಡಿದ್ದೇನು? ಬ್ಲಾಕ್ ಇಟ್ಟು, ದಪ್ಪ ಪ್ಲೇಟ್ ಹಾಕಿ ಚಾಸಿಸ್ಸನ್ನು ಯಾವಾಗಲೂ ಮೇಲೆಯೇ ನಿಲ್ಲಿಸಿದೆವು. ಮೇಲೆ ಹದಿನಾರು ಚೀಲ ಇದ್ದರೂ ವಾಲ್ವ್ ಗಾಡಿ ಖಾಲಿ ಅಂತಲೇ ತಿಳಿಯಿತು. ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ ಹಿಡಿಯಿತು, ಗಾಡಿ ನಿಲ್ಲಿಸುವ ಕೆಲಸವೆಲ್ಲ ಮುಂದಿನ ಚಕ್ರಗಳ ಮೇಲೆ ಬಿತ್ತು. ಲಾಕ್ ಆದ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಪ್ಲೇಟ್ ಸೇರಿಸಿದ ದಿನ ಆ ಸರಳಿನ ಅಳತೆಯನ್ನೂ ಸರಿ ಮಾಡಿದ್ದರೆ ಗಾಡಿ ನಿಲ್ಲುತ್ತಿತ್ತೇನೋ.

ಇಷ್ಟಾದರೂ ಕೊಯ್ಲಿನ ಗಡಿಬಿಡಿಯಲ್ಲಿ ನಾನು ಅದೇ ಗಾಡಿ ಓಡಿಸಿದೆ. ಇದು ನನ್ನ ತಪ್ಪು. ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ನಮ್ಮಲ್ಲಿ ಬಹಳ ವರ್ಷದಿಂದ ಇರುವ ಹಿರಿಯರೊಬ್ಬರು ಏಣಿಯಿಂದ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಮೇಲೆ ಬರುವ ದಾರಿ ಅದಲ್ಲ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೊರಟೆವು. ಖಾಲಿ ಗಾಡಿ, ಬಂಡೆಯಂಥ ಸ್ಪ್ರಿಂಗ್. ಒಂದೊಂದು ಕಲ್ಲಿಗೂ ಹಿಂಭಾಗ ಎಗರಿ ಬೀಳುತ್ತಿತ್ತು. ನಡೆಯುವವರಷ್ಟೇ ನಿಧಾನ ಹೋದರೂ ಹಾಗೆಯೇ. ಅವರು ಕೂಗಲಿಲ್ಲ. ಪ್ರತಿ ಸಲ ಹಲ್ಲು ಕಚ್ಚಿ 'ಅಮ್ಮಾ' ಅನ್ನುತ್ತಿದ್ದರು, ಅಷ್ಟೇ. ನಾಲ್ಕೂವರೆ ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿಯಿತು. ಟಾರು ರಸ್ತೆ ಸಿಕ್ಕಾಗ ನನ್ನ ಬೆನ್ನೆಲ್ಲ ಒದ್ದೆಯಾಗಿತ್ತು. ಈ ಗಾಡಿಯನ್ನು ಸರಿಮಾಡಿಸಬೇಕು ಅಂತ ಗಟ್ಟಿ ಮಾಡಿಕೊಂಡದ್ದು ಮರಕ್ಕೆ ಒರಗಿದ ದಿನ ಅಲ್ಲ, ಆ ದಿನ.

ಏಪ್ರಿಲ್‌ನಲ್ಲಿ ಬೇಲೂರು ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಹೋದೆ. ಲಾರಿಗಳ ಅಡಿಯಲ್ಲೇ ಆಯಸ್ಸು ಕಳೆದವರು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. "ಮೊದಲು ವೇ ಬ್ರಿಡ್ಜಿಗೆ ಹೋಗಿ ಬನ್ನಿ ಅಮ್ಮ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಕ ಮಾಡಿಸಿ. ಖಾಲಿಯಲ್ಲಿ ಒಂದು ಸಲ, ನೀವು ಹೇರುವಷ್ಟು ಹೇರಿ ಇನ್ನೊಂದು ಸಲ" ಅಂದರು. ಮಾಡಿಸಿದೆ. ಖಾಲಿ ಗಾಡಿ ಮುಂದೆ 1,040 ಕೆಜಿ, ಹಿಂದೆ 810. ಐವತ್ತು ಕೆಜಿಯ ಹದಿನಾರು ಚೀಲ ಹೇರಿದ ಮೇಲೆ ಮುಂದೆ 1,070, ಹಿಂದೆ 1,580. ಆ ಚೀಟಿ ಇವತ್ತೂ ನನ್ನ ಡ್ಯಾಶ್‌ಬೋರ್ಡಿನಲ್ಲಿದೆ. ಮುಂದೆ ಮೂವತ್ತು ಕೆಜಿ ವ್ಯತ್ಯಾಸ, ಹಿಂದೆ ಹೆಚ್ಚುಕಡಿಮೆ ದುಪ್ಪಟ್ಟು. ಪಿಕಪ್ಪಿನ ಕಷ್ಟವೆಲ್ಲ ಆ ಎರಡು ಅಂಕಿಯಲ್ಲಿದೆ. ಒಂದೇ ಸ್ಪ್ರಿಂಗ್ 810 ಕೆಜಿಗೆ ಮೆತ್ತಗಿರಬೇಕು, 1,580ಕ್ಕೆ ಗಟ್ಟಿಯಾಗಿ ನಿಲ್ಲಬೇಕು.

ಅದಕ್ಕಾಗಿಯೇ ಹೆಲ್ಪರ್ ಪ್ಲೇಟ್ ಇರುವುದು. ಮೇಲಿನ ಪ್ಲೇಟುಗಳು ತೆಳ್ಳಗೆ, ಚೆನ್ನಾಗಿ ಬಾಗಿದ ಕಮಾನಿನಂತೆ. ಕೆಳಗಿನ ಹೆಲ್ಪರ್ ದಪ್ಪಗೆ, ಹೆಚ್ಚುಕಡಿಮೆ ಚಪ್ಪಟೆ. ಎರಡರ ನಡುವೆ ಜಾಗ ಇರುತ್ತದೆ. ಖಾಲಿ ಗಾಡಿಯಲ್ಲಿ ಹೆಲ್ಪರ್ ಕೆಲಸಕ್ಕೇ ಬರುವುದಿಲ್ಲ. ಲೋಡ್ ಬಿದ್ದು ಕಮಾನು ಇಳಿದಾಗ ಮಾತ್ರ ತಾಗಿ ಭಾರ ಹೊರುತ್ತದೆ. ನನ್ನ ಗಾಡಿಯಲ್ಲಿ ಮೇಲಿನ ಪ್ಲೇಟುಗಳು ಕಮಾನು ಕಳೆದುಕೊಂಡು ಖಾಲಿಯಲ್ಲೇ ಹೆಲ್ಪರ್ ಮೇಲೆ ಕೂತಿದ್ದವು. ಅದರ ಮೇಲೆ ಇನ್ನೆರಡು ದಪ್ಪ ಪ್ಲೇಟ್ ಹೇರಿದ್ದೆವು. ಆ ಮೆಕ್ಯಾನಿಕ್ ಒಂದು ಲೆಕ್ಕ ಹೇಳಿದರು. ಪ್ಲೇಟಿನ ದಪ್ಪ 8 ಮಿಲಿಮೀಟರಿನಿಂದ 10ಕ್ಕೆ ಹೋದರೆ ಗಟ್ಟಿತನ ಕಾಲು ಭಾಗ ಹೆಚ್ಚುವುದಿಲ್ಲ, ಸುಮಾರು ಎರಡರಷ್ಟಾಗುತ್ತದೆ. ದಪ್ಪ ಗುಣಿಸು ದಪ್ಪ ಗುಣಿಸು ದಪ್ಪ ಅನ್ನುವ ಲೆಕ್ಕದಲ್ಲಿ ಅದು ಏರುತ್ತದೆ. ನೋಡಲು ಎರಡೇ ಮಿಲಿಮೀಟರು!

ಅವರು ಬ್ಲಾಕ್ ತೆಗೆದು ಬಿಸಾಡಿದರು. ಬ್ಲಾಕ್ ಎತ್ತರವಾದಷ್ಟೂ ಏರು ಹತ್ತುವಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗನ್ನು ಎಸ್ ಆಕಾರಕ್ಕೆ ಬಾಗಿಸುತ್ತದಂತೆ. ಜಾಸ್ತಿ ಹಾಕಿದ್ದ ಪ್ಲೇಟುಗಳೂ ಹೋದವು. ಕಂಪನಿ ಕೊಟ್ಟಿದ್ದ ಅಳತೆಯ, ಅಷ್ಟೇ ಸಂಖ್ಯೆಯ ಹೊಸ ಪ್ಲೇಟ್ ಸೆಟ್ ಬಂತು. ಅದನ್ನು ಜೋಡಿಸುವ ಬುಷ್, ಶ್ಯಾಕಲ್ ಪಿನ್, ಸೆಂಟರ್ ಬೋಲ್ಟ್ ಎಲ್ಲ ಹೊಸದು. ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನು ಮತ್ತೆ ಹಾಕಲು ಅವರು ಒಪ್ಪಲೇ ಇಲ್ಲ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಹಿಡಿತ ಸಿಗುವುದಿಲ್ಲ. ಹೊಸದನ್ನೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕರೆಸಿ ಮತ್ತೆ ಬಿಗಿದರು. ಹೊಸ ಕಮಾನಿನಿಂದಲೇ ಹಿಂಭಾಗ ಮೂರು ಸೆಂಟಿಮೀಟರ್ ಮೇಲೆದ್ದಿತು. ನಾನು ದುಡ್ಡು ಕೊಟ್ಟು ಹುಡುಕುತ್ತಿದ್ದ ಎತ್ತರ ನನ್ನ ಗಾಡಿಯದ್ದೇ ಆಗಿತ್ತು, ಸವೆದು ಹೋಗಿತ್ತು ಅಷ್ಟೇ.

ಜಾಸ್ತಿ ಖರ್ಚು ಮಾಡಿದ್ದು ಶಾಕ್ ಅಬ್ಸಾರ್ಬರಿಗೆ. ಗ್ಯಾಸ್ ತುಂಬಿದ, ದಪ್ಪ ಪಿಸ್ಟನ್ನಿನ ಒಳ್ಳೆಯ ನಾಲ್ಕು ಶಾಕ್ ಹಾಕಿಸಿದೆ. ಭಾರ ಹೊರುವುದು ಸ್ಪ್ರಿಂಗ್. ಅದು ಒಮ್ಮೆ ಅದುಮಿಕೊಂಡರೆ ಮತ್ತೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಹಿಡಿದು ಶಾಖ ಮಾಡಿ ಗಾಳಿಗೆ ಬಿಡುವುದು ಶಾಕ್. ಸತ್ತ ಶಾಕ್ ಇದ್ದರೆ ಚಕ್ರ ಗುಂಡಿಯಿಂದ ಗುಂಡಿಗೆ ಹಾರುತ್ತದೆ. ಹಾರುವ ಚಕ್ರ ಬ್ರೇಕನ್ನೂ ಹಿಡಿಯುವುದಿಲ್ಲ, ತಿರುವನ್ನೂ ಹಿಡಿಯುವುದಿಲ್ಲ. ಮನೆಯಲ್ಲೇ ನೋಡಬಹುದಾದ ಒಂದು ಉಪಾಯ ಕಲಿತೆ. ಕೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಇಳಿದು ಶಾಕ್‌ಗಳ ಹತ್ತಿರ ಜೋಪಾನವಾಗಿ ಕೈ ಹಿಡಿಯಿರಿ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ, ಆ ತಣ್ಣಗಿರುವುದು ಕೆಲಸ ನಿಲ್ಲಿಸಿದೆ.

ಕೊನೆಗೆ ವಾಲ್ವಿನ ಸರಳನ್ನು ಹೊಂದಿಸಿದರು. ಗಾಡಿ ಜಾಕ್ ಮೇಲಿಟ್ಟು ಚಕ್ರಗಳನ್ನು ಪೂರ್ತಿ ಕೆಳಗೆ ಜೋತುಬಿಟ್ಟು ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿಲ್ಲ ಅಂತ ನೋಡಿದರು. ಹೆಡ್‌ಲೈಟ್ ತಗ್ಗಿಸಿದರು. ಹಿಂಭಾಗ ಏರಿಳಿದರೆ ದೀಪದ ದಿಕ್ಕು ಬದಲಾಗುತ್ತದಲ್ವಾ? ಟಯರ್ ಗಾಳಿಯ ಬಗ್ಗೆಯೂ ಹೇಳಿದರು. ಖಾಲಿ ಗಾಡಿಯಲ್ಲಿ ಕೆಸರು, ಕಲ್ಲಿನ ದಾರಿಗೆ ಇಳಿಯುವಾಗ ಗಾಳಿ ಸ್ವಲ್ಪ ಇಳಿಸಿ, ಟಾರಿಗೆ ಬರುವ ಮೊದಲು ತುಂಬಿಸಿ. ಸಣ್ಣ ಕಂಪ್ರೆಸರ್ ಸೀಟಿನಡಿ ಇರಲಿ. ಲೋಡ್ ಇದ್ದಾಗ ಮಾತ್ರ ಇಳಿಸಲೇಬೇಡಿ. ಒಟ್ಟು ಖರ್ಚು 38 ಸಾವಿರ ಆಯಿತು. ಮೊದಲಿನ ಬ್ಲಾಕ್ ಮತ್ತು ಪ್ಲೇಟಿಗೆ 9 ಸಾವಿರ ಕೊಟ್ಟಿದ್ದೆ.

ಈಗ ಅದೇ ಕೊರಕಲಿನಲ್ಲಿ ಚಕ್ರ ನೆಲ ಬಿಡುವುದಿಲ್ಲ. ಹದಿನಾರು ಚೀಲ ಹೇರಿದರೂ ರಬ್ಬರ್ ತಡೆಗೆ ಹೊಡೆಯುವುದಿಲ್ಲ. ಸೊಂಟ ಮುರಿದಿದ್ದ ಹಿರಿಯರು ಆಪರೇಷನ್ ಆಗಿ ಈಗ ಕೋಲು ಹಿಡಿದು ನಡೆಯುತ್ತಾರೆ. ತಪಾಸಣೆಗೆ ಕರೆದುಕೊಂಡು ಹೋದಾಗ "ಇದು ಬೇರೆ ಗಾಡಿಯಾ ಅಮ್ಮ?" ಅಂತ ಕೇಳಿದರು.

ಕೊಡಚಾದ್ರಿಗೆ ಹೋದವರು ಅಲ್ಲಿನ ಜೀಪುಗಳನ್ನು ನೋಡಿರುತ್ತೀರಿ. 1,343 ಮೀಟರ್ ಎತ್ತರದ ಬೆಟ್ಟ, ಕೊನೆಯ ದಾರಿ ಬರೀ ಕಲ್ಲು ಮತ್ತು ಕೊರಕಲು. ಕಳೆದ ವರ್ಷ ಹೋದಾಗ ಡ್ರೈವರ್ ಪಕ್ಕ ಕೂತು ಅವರ ಗಾಡಿಯ ಬಗ್ಗೆ ಕೇಳಿದೆ. "ಗಾಡಿ ಬಗ್ಗಬೇಕು ಅಕ್ಕ. ಸೆಟೆದು ನಿಂತರೆ ಇಲ್ಲಿ ಮಗುಚುತ್ತೆ" ಅಂದರು. ಹಳೆಯ ಜೀಪು, ನಾಲ್ಕೂ ಕಡೆ ಸವೆದು ನುಣುಪಾದ ಪ್ಲೇಟು. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಗುಂಡಿಯಲ್ಲಿ ಇದ್ದರೂ ನಾವು ಕೂತ ಜಾಗ ಹೆಚ್ಚು ಓಲಾಡಲಿಲ್ಲ.

ದೊಡ್ಡ ಪಿಕಪ್ ಕೊಳ್ಳುವ ಯುವಕರಿಗೂ ಒಂದು ಮಾತು. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈಲಕ್ಸ್ ಆಗಲಿ, ಇಸುಜು ವಿ-ಕ್ರಾಸ್ ಆಗಲಿ, ಹಿಂದೆ ಪ್ಲೇಟೇ ಇದೆ. ಮುಂದೆ ಮಾತ್ರ ಎರಡೂ ಚಕ್ರ ಬೇರೆ ಬೇರೆಯಾಗಿ ಆಡುವ ಕಾಯಿಲ್ ಸ್ಪ್ರಿಂಗ್. ಅಲ್ಲಿ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಇಟ್ಟು ಎತ್ತರಿಸಿದರೆ ಚಕ್ರ ಕೆಳಗೆ ಇಳಿಯಲು ಹೆಚ್ಚು ಜಾಗ ಉಳಿಯುವುದಿಲ್ಲ. ಚಕ್ರಕ್ಕೆ ಹೋಗುವ ಶಾಫ್ಟ್ ಓರೆಯಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ, ಒಳಗೆ ಮಣ್ಣು ಹೋಗುತ್ತದೆ. ಲಕ್ಷ ಲಕ್ಷ ಕೊಟ್ಟ ಗಾಡಿಯನ್ನು ಫೋಟೋ ಚೆನ್ನಾಗಿ ಬರಲಿ ಅಂತ ಹಾಳು ಮಾಡಬೇಡಿ ಮಾರಾಯ್ರೆ. ಆ ಎತ್ತರಿಸಿದ ಗಾಡಿಗಳನ್ನು ನಮ್ಮ ಗುಡ್ಡದ ಹುಲ್ಲಿನ ಮೇಲೆ ಹತ್ತಿಸಲೂಬೇಡಿ. ಒಂದು ಮಳೆಗಾಲಕ್ಕೆ ಆ ಚಕ್ರದ ಜಾಡು ಹಳ್ಳವಾಗುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ತಪ್ಪು ಮಾಡಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಆಯಿತು. ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ಸಿಲ್ವರ್ ಮರಕ್ಕೆ ಒರಗಿ ನಿಂತವಳು ಹಾಗೆ ಹೇಳಲಾರೆ. ಆದರೆ ನಮ್ಮಂಥವರಿಗೆ ಗೆರೆ ಎಲ್ಲಿದೆ ಅಂತ ಕಾಣುವುದಿಲ್ಲ. ಅದೇ ಅಳತೆಯ ಒಳ್ಳೆಯ ಶಾಕ್ ಹಾಕಿಸಿದರೆ ತಪ್ಪಾ? ಬೇರೆ ಮಾದರಿಯ ಟಯರ್ ಹಾಕಿಸಿದರೆ? ಬ್ಲಾಕ್ ಇಟ್ಟರೆ? ಗ್ಯಾರೇಜಿನ ಹುಡುಗನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಎಲ್ಲವನ್ನೂ ಮಾಡಿಕೊಡುತ್ತಾನೆ.

ಸಾರಿಗೆ ಇಲಾಖೆಯವರಲ್ಲಿ ನನ್ನ ಕೋರಿಕೆ ಎರಡೇ. ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ವಿಷಯದಲ್ಲಿ ಏನು ಮಾಡಬಹುದು, ಏನು ಕೂಡದು ಅನ್ನುವುದನ್ನು ಸರಳ ಕನ್ನಡದಲ್ಲಿ, ಚಿತ್ರ ಹಾಕಿ ಒಂದು ಹಾಳೆಯಲ್ಲಿ ಮುದ್ರಿಸಿ ಮಲೆನಾಡಿನ ಪ್ರತಿ ಗ್ಯಾರೇಜಿಗೂ ಕೊಡಿ. ಎರಡನೆಯದು ಎಫ್‌ಸಿ. ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು ಅದು. ಸರಕು ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸುತ್ತೇವೆ. ಆ ದಿನ ಹಿಂದಿನ ಪ್ಲೇಟುಗಳನ್ನು ಎಣಿಸುವುದು, ಬ್ಲಾಕ್ ಇದೆಯಾ ನೋಡುವುದು, ಬ್ರೇಕ್ ವಾಲ್ವಿನ ಸರಳನ್ನು ಕೈಯಿಂದ ಅಲ್ಲಾಡಿಸಿ ನೋಡುವುದು ಕಡ್ಡಾಯವಾಗಲಿ. ಐದು ನಿಮಿಷದ ಕೆಲಸ. ಐಟಿಐಗಳಲ್ಲಿ ಕಲಿಯುವ ನಮ್ಮ ಮಕ್ಕಳಿಗೂ ಈ ವಾಲ್ವಿನ ಪಾಠವನ್ನು ಪಿಕಪ್ಪಿನ ಅಡಿಯಲ್ಲೇ ಮಲಗಿಸಿ ಹೇಳಿಕೊಟ್ಟರೆ ಚೆನ್ನ.

ಕೊಯ್ಲಿಗೆ ಇನ್ನು ಮೂರು ವಾರ ಇದೆ. ನಾಳೆ ಬೆಳಿಗ್ಗೆ ಒಂದು ಟೇಪ್ ತೆಗೆದುಕೊಂಡು ಹಿಂದಿನ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಎರಡೂ ಕಡೆ ಬರೆದಿಡಿ. ಲೋಡ್ ಹಾಕಿ ಮತ್ತೆ ಅಳೆಯಿರಿ. ನನ್ನ ಗಾಡಿ ದಪ್ಪ ಪ್ಲೇಟ್ ಇದ್ದಾಗ ನಾಲ್ಕು ಸೆಂಟಿಮೀಟರ್ ಮಾತ್ರ ಇಳಿಯುತ್ತಿತ್ತು, ಈಗ ಏಳು ಇಳಿಯುತ್ತದೆ. ಆ ಅಂಕಿಗಳನ್ನೂ ವೇ ಬ್ರಿಡ್ಜ್ ಚೀಟಿಯನ್ನೂ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ
ಬಣಕಲ್ ಹೋಬಳಿ, ಮೂಡಿಗೆರೆ ತಾಲ್ಲೂಕು